ಬೆಂಗಳೂರು ಎಷ್ಟ ಹಸಿವಿನ ದೂರ?

ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯೊಳಗ ಕೋಳಿ ಕೂಗೂದಿಲ್ಲ, ರೊಟ್ಟಿ ಕೂಗತಾವ. ಮುಗಿಲು ಇನ್ನೂ ಅರ್ಧಾ ಕಣ್ಣ ತೆರದಿರೂದಿಲ್ಲ, ಕಾಳವ್ವನ ಕೈ ಪಟಪಟ ಅನ್ನಾಕ ಸುರು ಮಾಡತಾವ. ಆ ಸಪ್ಪಳಕ್ಕ ಮದಲ ನಾಯಿ ಏಳತಾವ, ಆಮ್ಯಾಲ ರಿಕ್ಷಾದವರು ಏಳತಾರ, ಕಡೀಕ ಸೂರ್ಯಾ ಏಳತಾನ. ಒಂದಿನ ಕಾಳವ್ವಗ ಜ್ವರಾ ಬಂದು ಮಲಗಿದ್ಲಂತ, ಅವತ್ತ ನಿಪ್ಪಾಣಿಯೊಳಗ ಹೊತ್ತ ಮೂಡಿದ್ದು ಹತ್ತರ ಮ್ಯಾಲ ಅಂತ ರಿಕ್ಷಾ ಸ್ಟ್ಯಾಂಡಿನವರು ಇವತ್ತಿಗೂ ಆಣಿ ಮಾಡಿ ಹೇಳತಾರ. ನಂಬೂದು ಬಿಡೂದು ಕೇಳಿದವರಿಗೆ ಬಿಟ್ಟಿದ್ದು.

ಕಾಳವ್ವನ ಕೈಯಾಗ ಜ್ವಾಳದ ಹಿಟ್ಟಿನ ಉಂಡಿ, ಮುಂದ ಹಂಚು, ಬಾಜೂಕ ಅದ ಓಣಿಯ ಅನುಸೂಯಾ. ಅನುಸೂಯಾ ಒಲಿ ನೋಡಕೋತಾಳ, ಕಾಳವ್ವ ಬಡೀತಾಳ. ಬಡದ ರೊಟ್ಟಿ ಎತ್ತಿ ಹಿಡದ್ರ ಅದರಾಚೆ ಯಡೂರ ವೀರಭದ್ರ ದೇವರ ಶಿಖರ ಕಾಣಬೇಕು, ಅಷ್ಟ ತೆಳ್ಳಗ. ಯಡೂರು ಇಲ್ಲಿಂದ ಭಾಳ ದೂರ ಆತಲ್ಲವ್ವಾ ಅಂತ ಯಾರರ ಕೇಳಿದ್ರ ಅನುಸೂಯಾ ತಲಿ ಎತ್ತದನ ಹೇಳತಾಳ, "ರೊಟ್ಟಿ ತೆಳ್ಳಗಿದ್ರ ದೂರಿಂದೂ ಕಾಣತೈತ್ರಿ."

"ಸಾಕ ಬಿಡ ಬೇ, ಮಂದಿ ಖರೇ ತಿಳಕೊಂಡಾರು," ಅಂತಾಳ ಕಾಳವ್ವ. ಅಂದ್ರೂ ಆಕಿ ತುಟಿ ತುದಿಗೆ ನಗಿ ಇರತೈತಿ.

ಅಷ್ಟರಾಗ ಗಲ್ಲಿ ಬಾಯಾಗ ಒಂದ ಕ್ರೂಸರ್ ಗಾಡಿ ಬಂದ ನಿಂದರತೈತಿ. ಚಿಕ್ಕೋಡಿ ಸಂಜಯನ ಗಾಡಿ. ಅಥಣಿಯಿಂದ ಇಬ್ಬರು, ಕಾಗವಾಡದಿಂದ ಒಬ್ಬರು, ರಾಯಬಾಗದ ಗಂಡಾ ಹೆಂಡತಿ, ಹಿಂಗ ಊರೂರ ಮಂದೀನ ಹುಲ್ಲಿನ ಹೊರಿ ಒಟ್ಟಿದಂಗ ಒಟಗೊಂಡು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕ ಹೊಂಟಾನ. ಎಲ್ಲಾರೂ ಬೆಂಗಳೂರಿಗೆ ಹಾರೂ ಮಂದಿ.

"ಮಾವಶಿ, ಆತೇನ? ಐದ ಜೋಡಿ ಬೇಕು."

"ಆಗಿ ಆರಾಕತ್ತಾವ. ನೀ ಮದಲ ಚಾ ಕುಡಿ. ನಿನ್ನ ಮಾರಿ ನೋಡಿದ್ರ ಡಿಜೆಲ್ ಗಾಡ್ಯಾಗ ಐತಿ, ನಿನ್ನ್ಯಾಗ ಇಲ್ಲ."

ಜೋಡಿ ಅಂದ್ರ ಎರಡ ಬುತ್ತಿ ಗಂಟು. ಒಂದ ಕೆಂಪ ಅರಿವ್ಯಾಗ ಕಟ್ಟಿದ್ದು, ಒಂದ ಬಿಳಿ ಅರಿವ್ಯಾಗ. ಒಬ್ಬ ಮನಷಾಗ ಒಂದ ಜೋಡಿ. ಒಂದ ತಾಸು ಹಾರೂ ಮಂದಿಗೆ ಎರಡೆರಡ ಬುತ್ತಿ ಯಾಕ ಅಂತ ಹೊಸದಾಗಿ ಬಂದವರು ಕೇಳ ಕೇಳತಾರ. ಸಂಜಯ ಈಗ ನಗತಾನ. ಒಂದ ಕಾಲಕ್ಕ ಅವನೂ ಅದನ್ನ ಕೇಳಿದವ, ಕೇಳಿ ಬುತ್ತೀನ ಬಂದ್ ಮಾಡಿದವ.

ಕಾಳವ್ವ ಹುಟ್ಟಿದ್ದು ಕುರಿ ಹಿಂಡಿನ ಬೆನ್ನ ಹಿಂದ. ಅಪ್ಪ ಕುರಿ ಹೊಡಕೊಂಡು ಹೊಳಿ ದಾಟಿ, ಗುಡ್ಡಾ ದಾಟಿ, ಮರಾಠಿ ಮಾತಾಡೂ ಊರು ದಾಟಿ ತಿಂಗಳಗಟ್ಟಲೆ ಹೊಕ್ಕಿದ್ದ. ಅವ್ವ ಬುತ್ತಿ ಕಟ್ಟತಿದ್ಲು. "ನಮ್ಮ ಮನ್ಯಾಗ ಮೈಲಿ ಅಂದ್ರ ಏನ ಅಂತ ಯಾರಿಗೂ ಗೊತ್ತಿರಲಿಲ್ರಿ," ಅಂತಾಳ ಕಾಳವ್ವ. "ಅವ್ವ ಕೇಳಾಕಿ, ಎಷ್ಟ ಹಸಿವಿನ ದಾರಿ ಅಂತ. ಅಪ್ಪ ಒಂದ ಅಂದ್ರ ಒಂದ ಗಂಟು. ಎರಡ ಅಂದ್ರ ಎರಡು. ಅಷ್ಟ ಲೆಕ್ಕ."

ಕಾಳವ್ವನ್ನ ಅಕ್ಕೋಳದ ಲಗಮಣ್ಣಗ ಲಗ್ನಾ ಮಾಡಿ ಕೊಟ್ರು. ಅಲ್ಲೂ ಒಂದಿಷ್ಟ ಕುರಿ, ತಟಗ ಹೊಲ. ಹೊಟ್ಟಿ ತುಂಬಾಕ ಕಾಳವ್ವ ನಿಪ್ಪಾಣಿಗೆ ಬಂದು ಬೀಡಿ ಕಟ್ಟಿದ್ಲು, ವರ್ಷಾನಗಟ್ಟಲೆ. ತಂಬಾಕದ ಧೂಳ ಎದಿಯೊಳಗ ಕುಂತು ಕೆಮ್ಮು ಹತ್ತಿತು. ಆ ಕೆಮ್ಮಿಗೆ ಮನಿ ಹಂಚ ಹಾರಿ ಬಾಜೂ ಮನಿ ಮ್ಯಾಲ ಬೀಳತಿದ್ವು ಅಂತ ಲಗಮಣ್ಣ ಹೇಳತಾನ. ಡಾಕ್ಟರ್ ಬೀಡಿ ಬಿಡವ್ವಾ ಅಂದ್ರು. "ನಾ ಸೇದೂದಿಲ್ರಿ, ಕಟ್ಟತೀನಿ ಅಂದೆ. ಕಟ್ಟೂದನ್ನ ಬಿಡ ಅಂದ್ರು," ಅಂತ ನಗತಾಳ. ಬೀಡಿ ಕಟ್ಟೂದ ಬಿಟ್ಟು ಬುತ್ತಿ ಕಟ್ಟಾಕ ಕುಂತ್ಲು.

ಅಲ್ಲಿಂದ ಬಸ್‌ಸ್ಟ್ಯಾಂಡಿನ ಮಂದಿ ಕಾಳವ್ವನ ಲೆಕ್ಕ ಕಲತ್ರು. ಕೊಲ್ಲಾಪುರ ಹಸಿವ ಅಲ್ಲ, ಒಂದ ಚಾ. ಪುಣೆ ಒಂದ ಹಸಿವು. ಮುಂಬೈ ಒಂದೂವರಿ, ಆ ಅರ್ಧಾ ಹಸಿವು ಘಾಟ ಇಳಿಯೂ ಮುಂದ ಹತ್ತತೈತಿ. ಬೆಂಗಳೂರು ಗಟ್ಟಿ ಎರಡ ಹಸಿವು. ಬಂದವರು ಊರ ಹೆಸರನ್ನ ಹೇಳೂದಿಲ್ಲ, "ಕಾಳವ್ವಾ, ಎರಡ ಹಸಿವು ಕಟ್ಟ" ಅಂತಾರ. ಕಡಕ್ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಝುಣಕದ ವಡಿ, ಖಾರಾ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಒಂದ ಡಬ್ಬಿ ಮೊಸರು. ಒಮ್ಮಿ ಮುಂಬೈ ಬಸ್ಸಿನ ಡ್ರೈವರ್ ಬುತ್ತಿ ಮರತ ಕಾಗಲ್ ತನಕ ಹೋಗಿದ್ನಂತ. ಎಣ್ಣಿಗಾಯಿ ವಾಸನಿ ಬೆನ್ನ ಹತ್ತಿ ಹೋಗಿ, ಡ್ರೈವರನ ಕಾಲರ್ ಹಿಡದು, ಬಸ್ಸ ಸಮೇತ ತಿರುಗಿಸಿ ತಂದಿತಂತ. ಬಸ್ಸಿನಾಗ ಕುಂತ ಮಂದಿ ಏನೂ ಅನಲಿಲ್ಲಂತ. ಅವರಿಗೂ ವಾಸನಿ ಬಡದಿತ್ತು.

ಕಾಳವ್ವ ಪ್ರತಿ ಗಂಟಿನ ತಳಕ್ಕ ಒಂದ ಕೊಬ್ಬರಿ ಬಟ್ಟಲ, ಅದರಾಗ ಒಂದ ಚೂರ ಬೆಲ್ಲ ಇಡತಾಳ. ಕೇಳಿದವರಿಗೂ ಇಡತಾಳ, ಕೇಳದವರಿಗೂ ಇಡತಾಳ. ಮನಿಯಿಂದ ಹೊಂಟ ಹೆಣ್ಣಮಗಳಿಗೆ ಉಡಿ ತುಂಬತಾರಲ್ಲ, ಹಂಗ. ದಾರಿಗೆ ಹೊಂಟವರನ್ನ ಬರೇ ಕೈಲೆ ಕಳಸಬಾರದು ಅಂತ ಆಕೀದು ಒಂದ ಹಟ. ಬಸ್ಸಿನಾಗ ಆ ಕೊಬ್ಬರೀನ ಯಾರೂ ಬ್ಯಾಡ ಅಂದಿರಲಿಲ್ಲ.

ಆಮ್ಯಾಲ ಕೊರೊನಾ ಬಂತು, ಬಸ್ಸ ನಿಂತು, ಒಲಿ ಆರಿತು. ಕೊರೊನಾ ಹೋತು, ಒಲಿ ಹತ್ತಿತು. ಖರೇ ಬರೂ ಮಂದಿ ಬದಲ ಆಗಿದ್ರು. ನಿಪ್ಪಾಣಿ ಕುಂತಿದ್ದು ಎರಡ ವಿಮಾನ ನಿಲ್ದಾಣದ ನಡುವ. ಈ ಕಡೆ ಬೆಳಗಾವಿಯ ಸಾಂಬ್ರಾ, ಆ ಕಡೆ ಕೊಲ್ಲಾಪುರದ ಉಜಳಾಯಿವಾಡಿ. ಅವೆರಡರ ನಡುವ ಸೀದಾ ಹಾರಿದ್ರ ನೂರ ಕಿಲೋಮೀಟರ್ ಸೈತ ಇಲ್ಲ. ವಿಮಾನ ಏರಿ ಕಾಲ ಮಡಚೂದರಾಗ ಮತ್ತ ಚಾಚಬೇಕು, ಅದಕ್ಕ ಹಂಗ ಯಾರೂ ಹಾರೂದಿಲ್ಲ. ದೂರಕ್ಕ ಹಾರತಾರ. ಕಬ್ಬಿನವರು, ದ್ರಾಕ್ಷಿಯವರು, ಮಗ್ಗದವರು, ದವಾಖಾನಿಗೆ ಹೊಂಟವರು, ಎರಡ ಹಸಿವಿನ ಮಂದಿ ಒಬ್ಬೊಬ್ಬರ ಬಸ್ಸ ಬಿಟ್ಟು ವಿಮಾನ ಹತ್ತಾಕತ್ತಿದ್ರು. "ಕಾಳವ್ವಾ, ಬೆಂಗಳೂರು ಒಂದ ತಾಸ ನೋಡ. ಬುತ್ತಿ ಬಿಚ್ಚೂದರಾಗ ಇಳಿಯೂ ಹೊತ್ತ ಆಗತೈತಿ," ಅಂತ ಹೇಳಿ ಹೊಕ್ಕಿದ್ರು.

ಸಂಜಯ ಒಬ್ಬಾವ ಮಾತ್ರ ಕಾಳವ್ವ ಮಾವಶಿ ಕೈ ಬಿಟ್ಟಿರಲಿಲ್ಲ. ತನ್ನ ಗಾಡಿ ಹತ್ತಿದವರಿಗೆ ಒಂದೊಂದ ಗಂಟು ಕಾಳವ್ವನ ಕಡೆಯಿಂದ ಕೊಡಸ್ತಿದ್ದ. ಅದರ ಮ್ಯಾಲ ಒಲಿ ಉರೀತಿತ್ತು. ಬೋರಗಾಂವದ ಮನಿಷಾ ಹೊಂಟ ದಿನಾ ಅದೂ ನಿಂತ ಹೋತು.

ಮನಿಷಾ ನರ್ಸ್ ಕಲತ ಹುಡುಗಿ. ಅಪ್ಪನ ಮನ್ಯಾಗ ಎರಡ ಮಗ್ಗ. ಬೆಂಗಳೂರಿನ ಒಂದ ದವಾಖಾನ್ಯಾಗ ಕೆಲಸ ಸಿಕ್ಕು, ಮನಿತನದಾಗ ಮದಲಿಗೆ ವಿಮಾನ ಹತ್ತಾಕಿ ಅಂತ ಅರ್ಧಾ ಬೋರಗಾಂವ ಗಾಡಿ ತನಕ ಬಂದಿತ್ತು. ಕಾಳವ್ವಗೂ ಹುರುಪು. ಬೆಂಗಳೂರು ಎರಡ ಹಸಿವು ಅಂತ ಗಟ್ಟಿ ಬುತ್ತಿ ಕಟ್ಟಿದ್ಲು. ಹಿಂಡಿ ಕೆಂಪಗ, ಮೊಸರು ಡಬ್ಬಿ ತುಂಬ, ತಳಕ್ಕ ಕೊಬ್ಬರಿ ಬಟ್ಟಲ. ಯಾವುದು ವಿಮಾನದಾಗ ನಡೀತೈತಿ, ಯಾವುದು ನಡಿಯೂದಿಲ್ಲ ಅಂತ ಆಕಿಗೂ ಗೊತ್ತಿಲ್ಲ, ಹುಡುಗಿಗೂ ಗೊತ್ತಿಲ್ಲ.

ಸಾಂಬ್ರಾದಾಗ ತಪಾಸಣಿ ಮಾಡೂವರು ಗಂಟು ಬಿಚ್ಚಂದ್ರು. ಮೊಸರು ಒಯ್ಯಂಗಿಲ್ಲ, ಖಾರದ ಪುಡಿ ಒಯ್ಯಂಗಿಲ್ಲ, ಒಣಾ ಕೊಬ್ಬರಿ ಅಂತೂ ಒಯ್ಯಂಗನ ಇಲ್ಲ, ಎಣ್ಣಿ ಇರತೈತಿ, ಬೆಂಕಿ ಹತ್ತತೈತಿ. ಅವರ ಕಾಯ್ದೆ ಅವರಿಗೆ. ಹಿಂದ ನಿಂತ ಮಂದಿ ಎಲ್ಲಾ ನೋಡಾಕತ್ತಿದ್ರು. ಹುಡುಗಿ ನಾಚಿ, ಗಂಟನ ಅಲ್ಲೆ ಬಿಟ್ಟು ಓಡಿತು. ಹತ್ತೂಕಿಂತ ಮದಲ ಅವ್ವಗ ಫೋನ್ ಮಾಡಿ ಅತ್ತಳು.

ಮರುದಿನ ನಸುಕಿನಾಗ ಮನಿಷಾನ ಅವ್ವ ರುಕ್ಮವ್ವ ಬಂದು ಒಲಿ ಮುಂದ ನಿಂತ್ಲು.

"ಏನ ಕಟ್ಟಿ ಕೊಟ್ಟಿದ್ದೆವಾ ನನ್ನ ಮಗಳಿಗೆ?"

"ಎಲ್ಲಾರಿಗೂ ಕಟ್ಟಿದ್ದನ್ನ ಕಟ್ಟಿದ್ದೆ, ರುಕ್ಮವ್ವಾ."

"ಎಲ್ಲಾರೂ ಎಸ್ಟಿ ಬಸ್ಸಿನಾಗ ಹೊಕ್ಕಾರ. ನನ್ನ ಮಗಳು ಮುಗಿಲಿಗೆ ಹೊಂಟಿದ್ಲು. ಹೊಂಡೂ ಹೊತ್ತಿನಾಗ ಕೊಬ್ಬರಿ ತಗದ ಆಚೆ ಇಟ್ರು. ಹುಡುಗಿ ಬರೇ ಕೈಲೆ ಹೋದ್ಲು. ನಾಳೆ ಏನರ ಹೆಚ್ಚು ಕಡಿಮಿ ಆದ್ರ ಯಾರ ಹೊಣಿ?"

ಹಂಚಿನ ಮ್ಯಾಲಿನ ರೊಟ್ಟಿ ಕರಕ ಆತು. ಅನುಸೂಯಾ ಹೇಳೂ ಪ್ರಕಾರ ಕಾಳವ್ವನ ಕೈಯಾಗ ರೊಟ್ಟಿ ಕರಕ ಆಗಿದ್ದು ಅದೊಂದ ಸಲ.

ಹಿಂದಿಂದನ ಸಂಜಯ ಬಂದ. "ಸಿಟ್ಟಿಗೇಳಬ್ಯಾಡ ಮಾವಶಿ. ಇನ್ನ ನನ್ನ ಮಂದಿಗೆ ಬುತ್ತಿ ಬ್ಯಾಡ. ಗಾಡ್ಯಾಗ ಒಂದ ಬಿಸ್ಕೀಟ್ ಪುಡಾ ಇಡತೀನಿ. ಒಂದ ತಾಸಿನ ಮಾತ."

"ಬೆಂಗಳೂರು ಅಂದ್ರ ಆರನೂರ ಕಿಲೋಮೀಟರ್ ಸನೇಕ ಅಂತಿದ್ದೆಲ್ಲೋ?"

"ಅದು ನಮ್ಮ ನಿಪ್ಪಾಣಿಯಿಂದ ರೋಡಿನ ಲೆಕ್ಕ. ರೋಡ್ ಊರೂರಿಗೆ ಮಾತಾಡ್ಸಕೋಂತ ಹೊಕ್ಕೈತಿ. ಸಾಂಬ್ರಾದಿಂದ ವಿಮಾನ ಯಾರನ್ನೂ ಮಾತಾಡ್ಸೂದಿಲ್ಲ, ಸೀದಾ. ನಾಕನೂರಾ ನಲವತ್ತರ ಆಜೂಬಾಜೂ. ಹತ್ತಿದ ತಾಸೊಪ್ಪತ್ತಿನಾಗ ಇಳದ ಬಿಡತಾರ. ಅಷ್ಟರಾಗ ಯಾವ ಹೊಟ್ಟಿ ಹಸೀತೈತಿ, ನೀನ ಹೇಳ."

ಕಾಳವ್ವ ವಿಮಾನ ಹತ್ತಿ ನೋಡಿದಾಕಿ ಅಲ್ಲ. ಬಸ್ಸಿನ ಮಂದಿ ಕಡಿಮಿ ಆಗೂದು ಕಣ್ಣಿಗೆ ಕಾಣಾಕತ್ತಿತ್ತು. ವಿಮಾನದ ಮಂದೀನೂ ಬುತ್ತಿ ಬ್ಯಾಡ ಅಂದ್ರ ಈ ಒಲಿ ಉರಿಯೂದಿಲ್ಲ. ಒಲಿ ಆರಿದ್ರ ಮತ್ತ ತಂಬಾಕದ ಧೂಳು, ಮತ್ತ ಕೆಮ್ಮು. ಆ ದಿನಾ ಸಂಜಿಮುಂದ ಅಕ್ಕೋಳಕ್ಕ ಹೋಗಿ, ಕುರಿ ಹಟ್ಯಾಗ ನಿಂತ ಗಂಡಗ ಹೇಳಿದ್ಲು, "ನಾ ವಿಮಾನದಾಗ ಹೋಗಿ ನೋಡ್ತೀನಿ."

"ಏನ ನೋಡ್ತಿ?" ಅಂದ ಲಗಮಣ್ಣ.

"ಹಸಿವು ಎಲ್ಲಿ ಹತ್ತತೈತಿ ಅಂತ."

"ಮನ್ಯಾಗ ಕುಂತ್ರೂ ಹತ್ತತೈತಿ. ಅದಕ್ಕ ಬೆಂಗಳೂರಿಗೆ ಯಾಕ ಹೋಗಬೇಕು?"

ಹಂಗ ಅಂದಾವನ ಮುಂದಿನ ಸಂತಿಯೊಳಗ ಒಂದ ಟಗರು ಮಾರಿ ರೊಕ್ಕ ತಂದು ಹೆಂಡತಿ ಕೈಯಾಗ ಇಟ್ಟ. ಆ ಟಗರು ಸಾದಾ ಟಗರ ಅಲ್ಲ. ಒಮ್ಮಿ ಅಕ್ಕೋಳದ ದಾರ್ಯಾಗ ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿತ್ತಂತ, ಟ್ರ್ಯಾಕ್ಟರ್ ಹಿಂದ ಹಿಂದ ಸರದು ಫ್ಯಾಕ್ಟರಿ ತನಕ ಹೋಗಿ ತಾನ ಕಬ್ಬ ಇಳಿಸಿ ಬಂದಿತಂತ. ಅಂಥಾ ಟಗರು ಮಾರಿದಾಗ ಲಗಮಣ್ಣ ಒಂದ ಮಾತ ಅಂದ, "ಹೋಗೂದಕ್ಕ ಇದೊಂದ ಸಾಕು. ಬರೂಮುಂದ ಬಸ್ಸಿಗೆ ಬಾ. ಇನ್ನೊಂದ ಟಗರು ನಾ ಕೊಡೂದಿಲ್ಲ."

ಟಿಕೀಟ್ ಸಂಜಯನ ತಗಸಿ ಕೊಟ್ಟ. ಮಗಳನ್ನ ನೋಡಾಕ ಹೊಂಟ ರುಕ್ಮವ್ವನ ಟಿಕೀಟೂ ಅವನ ತಗಸಿದ್ದ. ಹೊಂಡೂ ದಿನಾ ಬೆಳಕ ಹರಿಯೂ ಮುಂಚೆ ಗಾಡಿ ಹತ್ತಿ ನೋಡಿದ್ರ, ಇಬ್ಬರದೂ ಬಾಜೂ ಬಾಜೂ ಸೀಟು. ರುಕ್ಮವ್ವ ಕಿಡಕಿ ಕಡೆ ಮಾರಿ ತಿರುಗಿಸಿದ್ಲು.

"ನನಗೇನ ಗೊತ್ತಿತ್ತು ಮಾವಶಿ, ಒಂದ ಕಡೆಯಿಂದ ಹೊಂಟೀರಿ ಅಂತ ಕೂಡಿಸಿದೆ," ಅಂದ ಸಂಜಯ.

"ವಿಮಾನದಾಗರ ಬ್ಯಾರೆ ಕಡೆ ಕುಂದರ್ತೀನಿ," ಅಂದ್ಲು ರುಕ್ಮವ್ವ.

"ಅಲ್ಲೂ ಬಾಜೂಕನ ಬಂದೈತ್ರಿ," ಅಂದ ಸಂಜಯ, ಕನ್ನಡಿಯೊಳಗ ನೋಡದನ.

ಒಂದ ತಾಸಿನ ಮಾತು ಅಂತ ಗಾಡ್ಯಾಗ ಯಾರೂ ಏನೂ ತಿಂದಿರಲಿಲ್ಲ. ಸಾಂಬ್ರಾ ಮುಟ್ಟೂದರಾಗ ಹೊತ್ತ ಏರಿತ್ತು. ವಿಮಾನಕ್ಕ ಭಾಳ ಮದಲ ಹೋಗಿ ಕುಂದರಬೇಕು, ಅದೂ ಒಂದ ಪದ್ಧತಿ. ಕಾಳವ್ವ ಮಂದಿ ಮಾರಿ ನೋಡಕೋಂತ ಕುಂತ್ಲು. ಬಸ್‌ಸ್ಟ್ಯಾಂಡಿನಾಗ ಎಷ್ಟೋ ವರ್ಷ ಮಂದಿ ಮಾರಿ ನೋಡಿದಾಕಿ, ಹಸದ ಮಾರಿ ಗುರ್ತ ಹಿಡಿಯಾಕ ಆಕಿಗೆ ಯಾರೂ ಹೇಳಿ ಕೊಡಬೇಕಾಗಿಲ್ಲ. ಸುತ್ತಲೂ ಅಂಥಾ ಮಾರಿನ. ತುಟಿ ಒಣಗಿದ್ವು, ಕೂಸುಗಳು ಕಿರಿಕಿರಿ ಮಾಡತಿದ್ವು. ರುಕ್ಮವ್ವ ಒಳಗಿನ ಅಂಗಡ್ಯಾಗ ಒಂದ ಚಾದ ಕಿಮ್ಮತ್ತು ಕೇಳಿ, ಕಪ್ಪ ಹಗೂರಕ ತಿರುಗಿ ಇಟ್ಟು ಬಂದ್ಲು, ಚಾ ಒಡದೀತು ಅನ್ನೂವಂಗ. ಕಾಳವ್ವ ಬೆರಳ ಮಡಚಿದ್ಲು. ಒಂದ ಹಸಿವು. ಇನ್ನೂ ವಿಮಾನದ ಗಾಲಿ ಸೈತ ತಿರಗಿರಲಿಲ್ಲ.

ವಿಮಾನ ಏರಿತು. ರುಕ್ಮವ್ವ ಮಾತ ಬಿಟ್ಟಾಕಿ ಕೈ ಮಾತ್ರ ಹಿಡದ್ಲು. ಹೆಂಗ ಹಿಡದ್ಲಂದ್ರ ಕಾಳವ್ವನ ಬಳಿ ಎರಡ ಒಡದ್ವು. "ಮುಗಿಲ ಮ್ಯಾಲ ಹೋದ್ವಿ ನೋಡ್ರಿ, ಕೆಳಗ ಎಲ್ಲಾ ಬೆಳ್ಳಗ. ನಮ್ಮ ಲಗಮಣ್ಣ ಕುರಿ ಉಣ್ಣಿ ಕತ್ತರಿಸಿ ಅಂಗಳದಾಗ ಹರವಿದಂಗ ಇತ್ರಿ. ಅಷ್ಟ ಉಣ್ಣಿ ಯಾರದು, ಎಷ್ಟ ಕುರಿ ಇರಬೇಕು ಅಂತ ನಾ ಎಣಸಾಕ ಹತ್ತಿದ್ದೆ. ಅಷ್ಟರಾಗ ಇಳಿಯಾಕತ್ತೀವಿ, ಪಟ್ಟಾ ಕಟ್ಟಕೋರಿ ಅಂದ್ರು," ಅಂತಾಳ ಕಾಳವ್ವ. ಹಸಿವು? "ಸುಳ್ಳ ಯಾಕ ಹೇಳೂದು, ಮ್ಯಾಲ ಹಸಿವ ಆಗಲಿಲ್ರಿ. ಹೊಟ್ಟಿ ಅಂಜಿ ಮೂಲ್ಯಾಗ ಕುಂತಿತ್ತು. ಸಂಜ್ಯಾ ಹೇಳಿದ್ದು ಖರೇ ಅನಸ್ತು. ಒಲಿ ಆರಿತು ಅನಕೊಂಡು ಇಳದೆ."

ಆದ್ರ ಬೆಂಗಳೂರು ಅಂದ್ರ ಇಳದ ಕೂಡಲೆ ಬರೂ ಊರಲ್ಲ. ಇಳದು ನಡಿಬೇಕು. ನಡದು ನಿಂದರಬೇಕು. ಚೀಲ ಬರೂ ತನಕ ಕಾಯಬೇಕು. ಆಮ್ಯಾಲ ಊರಿಗೆ ಬಸ್ಸ ಹತ್ತಬೇಕು. ಆ ಬಸ್ಸು ಸ್ವಲ್ಪ ದೂರ ಹೋಗಿ ಒಂದ ಕಡೆ ನಿಂತಿತು ನೋಡ್ರಿ, ಹೊಳಿ ನಡುವ ದೋಣಿ ಹುಗದಂಗ. ಮುಂದ ಗಾಡಿ, ಹಿಂದ ಗಾಡಿ. ಬಾಜೂ ಕಾರಿನಾಗ ಒಬ್ಬಾವ ದಾಡಿ ಮಾಡಕೊಂಡು ಕುಂತಿದ್ದ, ಬಸ್ಸ ಬಿಡೂದರಾಗ ಅವನ ದಾಡಿ ಮತ್ತ ಬೆಳದಿತ್ತು. ಅಲ್ಲೆ ಕಾಳವ್ವನ ಹೊಟ್ಟಿ ಗುರ್ ಅಂದಿತು. ಬಾಜೂಕ ರುಕ್ಮವ್ವನ ಹೊಟ್ಟಿ ಅದಕ್ಕ ಜವಾಬ ಕೊಟ್ಟಿತು. ಕಾಳವ್ವ ಎರಡನೇ ಬೆರಳ ಮಡಚಿದ್ಲು.

ಆಕಿ ಚೀಲದಾಗ ಒಂದ ಗಂಟ ಇತ್ತು, ಈ ಸಲ ತಪಾಸಣಿಯವರನ್ನ ಮದಲ ಕೇಳಿ ಕಟ್ಟಿದ್ದ ಒಣಾ ಬುತ್ತಿ. ಮೊಸರಿಲ್ಲ, ಕೊಬ್ಬರಿ ಇಲ್ಲ, ಹಿಂಡಿ ಪುಡಿ ಇಲ್ಲ. ಹಿಂಡೀನ ಎಣ್ಣಿ ಹಾಕಿ ಚಪಾತಿ ಒಳಗ ಹಚ್ಚಿ ಮಡಚಿ ತಂದಿದ್ಲು. ಬಿಚ್ಚಿ, ರುಕ್ಮವ್ವನ ಮುಂದ ಹಿಡದ್ಲು.

"ನನಗ ಬ್ಯಾಡ," ಅಂದ್ಲು ರುಕ್ಮವ್ವ.

"ಬ್ಯಾಡಾದ್ರ ಬಿಡ. ನಿನ್ನ ಹೊಟ್ಟಿ ಮಾತ್ರ ಬ್ಯಾರೆ ಹೇಳಾಕತ್ತೈತಿ. ಅದನ್ನರ ಕೇಳ."

ಹಿಂದಿನ ಸೀಟಿನ ಗೊತ್ತಿಲ್ಲದ ಹೆಣ್ಣಮಗಳು ನಕ್ಕಳು. ರುಕ್ಮವ್ವನೂ ನಗೂದು ತಡಕೊಂಡು, ತಡಿಯಾಕ ಆಗದ ಒಂದ ಚಪಾತಿ ತಗೊಂಡ್ಲು. ಆಮ್ಯಾಲ ಇನ್ನೊಂದು. ಹಿಂದಿನಾಕಿಗೂ ಒಂದ ಹೋತು. ಬಸ್ಸಿನ ಡ್ರೈವರ್ ತಿರುಗಿ ನೋಡಿದ. ಅವಗೂ ಒಂದ ಹೋತು. ಆಗ ದಾರಿ ಬಿಟ್ಟಿತು ಅಂತ ರುಕ್ಮವ್ವ ಇವತ್ತಿಗೂ ಹೇಳತಾಳ.

ಸಂಜಿಮುಂದ ಮನಿಷಾನ ರೂಮಿನಾಗ ಮೂವರೂ ಕುಂತಿದ್ರು. ಹುಡುಗಿ ಆರಾಮ ಇದ್ಲು, ಕೆಲಸ ಹಿಡಿಸಿತ್ತು, ಮಾರಿ ಮ್ಯಾಲ ಕಳಾ ಇತ್ತು. ರುಕ್ಮವ್ವನ ಮನಸಿನಾಗಿನ ಮುಳ್ಳ ಮಾತ್ರ ಇನ್ನೂ ಇತ್ತು. "ಆವತ್ತ ಕೊಬ್ಬರಿ ತಗದ್ರಂತ ಎಷ್ಟ ಅತ್ತಿದ್ದೆವಾ," ಅಂದ್ಲು ಮಗಳಿಗೆ.

ಮನಿಷಾ ತಲಿ ಕೆಳಗ ಹಾಕಿದ್ಲು. "ಕೊಬ್ಬರಿಗೆ ಅಲ್ಲಬೇ ನಾ ಅತ್ತಿದ್ದು. ನಾಚಿ ಎಲ್ಲಾ ಗಂಟನ್ನ ಬಿಟ್ಟ ಬಂದಿದ್ದೆ. ರೊಟ್ಟಿ ಒಯ್ಯಿ ಅಂತ ಅವರ ಹೇಳಿದ್ರು, ನಾನ ಒಯ್ಯಲಿಲ್ಲ. ಇಲ್ಲಿ ಬಸ್ಸಿನಾಗ ಹಸದ ಕಣ್ಣಿಗೆ ಕತ್ತಲಿ ಬಂತು. ಕಾಳವ್ವತ್ತಿ ಎಣ್ಣಿಗಾಯಿ ನೆನಪಾಗಿ ಮತ್ತ ಅತ್ತೆ."

ರುಕ್ಮವ್ವ ಕಾಳವ್ವನ ಕಡೆ ನೋಡದನ ಅಂದ್ಲು, "ನಾಳಿ ಬಸ್ಸಿಗೆ ಬುತ್ತಿ ನಾ ಕಟ್ಟತೀನಿ. ನೀ ಸುಮ್ಮ ಕುಂದರ." ಬೋರಗಾಂವದ ಹೆಣ್ಣಮಗಳ ಬಾಯಿಂದ ಅದಕ್ಕಿಂತ ದೊಡ್ಡ ತಪ್ಪೊಪ್ಪಿಗಿ ಬರೂದಿಲ್ಲ.

ತಿರುಗಿ ಬಂದ ಕಾಳವ್ವ ಬಸ್‌ಸ್ಟ್ಯಾಂಡಿನಿಂದ ಮನಿಗೆ ಹೋಗಲಿಲ್ಲ, ಸೀದಾ ಚಿಕ್ಕೋಡಿಗೆ ಹೋಗಿ ಸಂಜಯನ ಗಾಡಿ ಮುಂದ ನಿಂತ್ಲು.

"ಒಂದ ತಾಸ ಅಂದಿದ್ದಿ. ಒಂದ ತಾಸ ವಿಮಾನಕ್ಕ. ನಾ ಮನಿ ಬಿಟ್ಟಿದ್ದು ನಸುಕಿನಾಗ, ಆ ಹುಡುಗಿ ಮನಿ ಮುಟ್ಟಿದ್ದು ಮಧ್ಯಾಹ್ನ ಹೊಳ್ಳಿದ ಮ್ಯಾಲ. ಹತ್ತೂಕಿಂತ ಮದಲ ಒಂದ ಸಲ ಹಸದೆ, ಇಳದ ಮ್ಯಾಲ ಒಂದ ಸಲ. ವಿಮಾನ ದೂರಾನ ನುಂಗತೈತಿ ಸಂಜೂ, ಹಸಿವನ್ನ ಎರಡೂ ದಂಡಿಗೆ ಬಿಟ್ಟ ಹೊಕ್ಕೈತಿ."

"ಮತ್ತ ಕೊಬ್ಬರಿ?" ಅಂದ ಸಂಜಯ. ಅವನ ಅಂಜಿಕಿ ಅದು.

"ಅದನ್ನ ಹೊರಗನ ಒಡದು, ಎಲ್ಲಾರಿಗೂ ಹಂಚಿ, ತಿಂದು ಒಳಗ ಹೋಗಬೇಕು. ಹೊಟ್ಟ್ಯಾಗ ಇದ್ದದ್ದನ್ನ ಯಾವ ಮಶೀನ್ ತಗದ ಇಡತೈತಿ?"

ಸಂಜಯ ತಲಿ ಕೆರಕೊಂಡ. ಒಂದ ಸಲ ನೋಡೂನು ಅಂದ. ಆ ಒಂದ ಸಲ ಕಾಗವಾಡದ ದ್ರಾಕ್ಷಿಯವರ ಮನಿ ಮಂದಿ ಹೊಂಟಿದ್ರು, ಮೂರ ಹೆಣ್ಣಮಕ್ಕಳು, ಒಬ್ಬ ಅಜ್ಜ. ಕೆಂಪ ಗಂಟು ಸಾಂಬ್ರಾದ ಹೊರಗ ಬಿಚ್ಚೂದು. ಅದರಾಗ ಮೊಸರು, ಹ್ಯಾಂಗಬೇಕ ಹಂಗ ಹಿಂಡಿ, ಕೊಬ್ಬರಿ ಬೆಲ್ಲ. ಬಿಳಿ ಗಂಟು ಚೀಲದಾಗ ಇಟಗೊಂಡು ಹೋಗಿ ಇಳದ ಮ್ಯಾಲ ಬಿಚ್ಚೂದು. ಅದರಾಗ ಒಣಾ ರೊಟ್ಟಿ, ಝುಣಕದ ವಡಿ, ಹಿಂಡಿ ಚಪಾತಿ. ಸಂಜಿಗೆ ಆ ಅಜ್ಜ ಸಂಜಯಗ ಫೋನ್ ಹಚ್ಚಿದ. ವಿಮಾನ ಹೆಂಗಿತ್ರಿ ಅಂತ ಸಂಜಯ ಕೇಳಿದ್ರ ಅಜ್ಜ ವಿಮಾನದ ಸುದ್ದಿನ ತಗೀಲಿಲ್ಲ, "ಆ ಹಿಂಡಿ ಯಾರ ಕುಟ್ಟಿದ್ದೋ ತಮ್ಮಾ?" ಅಂದ.

ಅವತ್ತಿನಿಂದ ಒಲಿ ಆರಿಲ್ಲ. ಮದಲ ಒಂದ ಗಂಟು ಹೊಕ್ಕಿದ್ದಲ್ಲಿ ಈಗ ಎರಡ ಹೊಕ್ಕಾವ. ಉಜಳಾಯಿವಾಡಿಗೆ ಹೋಗೂ ಗಾಡಿಯವರೂ ಬಂದ ಒಯ್ಯತಾರ. ರೊಟ್ಟಿ ದಿನಾ ಎಷ್ಟ ಆಗತಾವವ್ವಾ ಅಂತ ಕೇಳಿದ್ರ, "ಹಿಟ್ಟ ತೀರೂ ತನಕ ಆಗತಾವ್ರಿ," ಅಂತಾಳ. ಅನುಸೂಯಾನ ಲೆಕ್ಕದಾಗ, ಒಂದ ವಾರದ ರೊಟ್ಟಿ ಒಂದರ ಮ್ಯಾಲ ಒಂದ ಇಟ್ರ ವಿಮಾನಕ್ಕ ಬಡೀತಾವ, ಅದಕ್ಕ ಸರ್ಕಾರದವರಿಗೆ ಅಂಜಿ ಅವು ದಿನದ ದಿನಾ ಮಾರಾಟ ಆಗತಾವ. ಬೋರಗಾಂವದಾಗ ರುಕ್ಮವ್ವ ಹೊಸಾ ಸುದ್ದಿ ಹಬ್ಬಿಸ್ಯಾಳ. ಮುಗಿಲಿನಾಗ ಕಾಳವ್ವ ಗಂಟಿಗೆ ಕೈ ಹಾಕಿದಾಗ ವಾಸನಿಗೆ ವಿಮಾನ ಒಂದ ಗಳಿಗಿ ನಿಂತ ಬಿಟ್ಟಿತ್ತಂತ. ಕಾಳವ್ವನ ಮುಂದನ ಹೇಳತಾಳ. ಕಾಳವ್ವ ಇಲ್ಲ ಅಂದ್ರ, "ನೀ ಕುರಿ ಎಣಸಾಕತ್ತಿದ್ದಿ, ನಿನಗೇನ ಗೊತ್ತು," ಅಂತ ಬಾಯಿ ಮುಚ್ಚಸ್ತಾಳ.

ಕೆಮ್ಮು ಪೂರಾ ಹೋಗಿಲ್ಲ. ಥಂಡಿ ದಿನದಾಗ ಹೊಗಿ ಎದಿಗೆ ಹತ್ತತೈತಿ, ಆವಾಗ ಅನುಸೂಯಾ ಬಡೀತಾಳ, ಕಾಳವ್ವ ಗಂಟು ಕಟ್ಟತಾಳ. ಬೀಡಿ ಕಟ್ಟಿ ಕಟ್ಟಿ ಪಳಗಿದ ಬೆರಳು, ಗಂಟು ಬಿಗಿ ಇರತೈತಿ, ಆದ್ರ ಕೂಸೂ ಬಿಚ್ಚಬೇಕು ಹಂಗ ಇರತೈತಿ.

ಇನ್ನ ಏನ ಬೇಕವ್ವಾ ನಿನಗ ಅಂತ ಕೇಳಿದ್ರ ಕಾಳವ್ವ ಮದಲ ನಗತಾಳ. ಲಂಡನ್ನಿಗೆ ಹೋಗಬೇಕು, ಅಮೇರಿಕಾಕ್ಕ ಬುತ್ತಿ ಕಳಸಬೇಕು ಅಂತಾಳೇನೋ ಅನಸ್ತೈತಿ. ಹಿಟ್ಟಿನ ಕೈ ಸೆರಗಿಗೆ ಒರಿಸ್ಕೊಂಡು ಹೇಳತಾಳ, "ನಮ್ಮ ಮಂದಿ ಅಲ್ಲೆ ಸಾಂಬ್ರಾದ ಹೊರಗ ಗಾಡಿ ಬಾಜೂಕ ನಿಂತಗೊಂಡ ಉಣ್ಣತಾರ್ರಿ. ಅಜ್ಜಗೋಳು, ಬಸರಿ ಹೆಣ್ಣಮಕ್ಕಳು, ಒಂದ ಕೈಯಾಗ ರೊಟ್ಟಿ, ಒಂದ ಕೈಯಾಗ ಚೀಲ. ನಮ್ಮ ಕಡೆ ಬುತ್ತಿ ಅಂದ್ರ ಕುಂತ ಉಣ್ಣೂದು. ದಾರಿ ಬಾಜೂಕ ಯಾರರ ಒಂದ ಗಿಡಾ ಹಚ್ಚಿ, ಬುಡಕ ಒಂದ ಕಟ್ಟಿ ಕಟ್ಟಿಸಿದ್ರ, ಒಂದ ನೀರಿನ ನಳ ಹಾಕಿದ್ರ ಸಾಕು. ಹಾರಾಕ ಹೊಂಟವರು ಮದಲ ಒಂದ ಗಳಿಗಿ ನೆಲದ ಮ್ಯಾಲ ಕುಂದರಬೇಕ್ರಿ."

ಗಲ್ಲಿ ಬಾಯಾಗ ಸಂಜಯ ಹಾರ್ನ್ ಹೊಡೀತಾನ. ಐದ ಜೋಡಿ ಗಂಟು ಗಾಡಿ ಏರತಾವ. ಅಥಣಿಯವರು ಕಿಡಕಿಯಿಂದ ಮೂಗ ಹೊರಗ ಹಾಕಿ ವಾಸನಿ ನೋಡತಾರ.

"ತಡಿಯೋ," ಅಂದು ಕಾಳವ್ವ ಒಳಗ ಹೋಗತಾಳ. ಬರೂಮುಂದ ಬಗಲಾಗ ಒಂದ ಕರೇ ಕಂಬಳಿ ಇರತೈತಿ, ಲಗಮಣ್ಣನ ಕುರಿ ಉಣ್ಣೀದು, ಹೊಚ್ಚ ಹೊಸಾದು, ಇನ್ನೂ ಯಾರೂ ಹೊತಗೊಂಡಿಲ್ಲ. ಸಂಜಯನ ಬಾಜೂ ಸೀಟಿನ ಮ್ಯಾಲ ಅದನ್ನ ಮಡಚಿ ಇಡತಾಳ.

"ಥಂಡಿ ಎಲ್ಲೈತಿ ಮಾವಶಿ ಈಗ?"

"ಹೊಚ್ಚಾಕ ಅಲ್ಲೋ. ಕಟ್ಟಿ ಆಗೂ ತನಕ ಇದನ್ನ ಹಾಸು."